ಸಂದಿಗೆ ಏನು ತುಂಬಬೇಕು: ಹೆರಾಲ್ಡ್ ಕಾರಿನ ಒಂದು ಚರಿತ್ರೆ

1953ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಕಾರ್ಖಾನೆ ಕೈ ಬದಲಾಯಿತು. ಫಿಷರ್ ಅಂಡ್ ಲಡ್ಲೋ ಎಂಬ ಆ ಕಂಪನಿಯವರದು ಬೇರೆಯವರ ಕಾರುಗಳಿಗೆ ಉಕ್ಕಿನ ಬಾಡಿ ಒತ್ತಿ ಕೊಡುವ ಕಸುಬು. ಕೊಂಡವರು ಆಸ್ಟಿನ್ ಮತ್ತು ಮಾರಿಸ್ ಸೇರಿ ಆಗಿದ್ದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್. ಕವೆಂಟ್ರಿಯ ಸ್ಟ್ಯಾಂಡರ್ಡ್ ಟ್ರಯಂಫ್ ಕಂಪನಿ ಇದೇ ಕಾರ್ಖಾನೆಯ ಗಿರಾಕಿ. ಎದುರಾಳಿಯ ಪಾಲಾದ ಕಾರ್ಖಾನೆಯಿಂದ ಮುಂದಿನ ಕಾರಿಗೆ ಬಾಡಿ ಸಿಗುವ ಹಾಗಿರಲಿಲ್ಲ. ಆಗ ಸ್ಟ್ಯಾಂಡರ್ಡ್‌ನವರು ಒಂದು ಉಪಾಯ ಹೂಡಿದರು. ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸುವುದು ಬೇಡ, ಸಣ್ಣ ಸಣ್ಣ ಭಾಗ ಮಾಡಿ ಹತ್ತು ಕಡೆ ಒತ್ತಿಸೋಣ, ಆಮೇಲೆ ಚಾಸಿಸ್ ಮೇಲೆ ಕೂರಿಸಿ ಬೋಲ್ಟು ಬಿಗಿಯೋಣ ಎಂದರು. ಹಾಗೆ ಹುಟ್ಟಿದ್ದು 1959ರ ಟ್ರಯಂಫ್ ಹೆರಾಲ್ಡ್. ಮದರಾಸಿನಲ್ಲಿ ತಯಾರಾಗಿ ನಮ್ಮ ರಸ್ತೆಗಳಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ಓಡಾಡಿದ್ದು ಇದೇ ಕಾರು. ಬರ್ಮಿಂಗ್‌ಹ್ಯಾಮ್‌ನ ಆ ವ್ಯಾಪಾರದಿಂದಾಗಿ ಇವತ್ತಿಗೂ ಮಳೆಗಾಲದಲ್ಲಿ ಬೆಂಗಳೂರಿನ ಹೆರಾಲ್ಡ್ ಮಾಲೀಕರ ಕಾಲು ಒದ್ದೆಯಾಗುತ್ತದೆ.

ನಾನು ಟಿಂಕರ್. ಹಳೇ ಗಾಡಿಗಳ ತಗಡು ಕೆಲಸವೇ ನನ್ನ ಜೀವನ. ರೀಸ್ಟೋರೇಷನ್ ಮಾಡಿಸಲು ಬರುವವರು ಬಣ್ಣದ ಬಗ್ಗೆ ಕೇಳುತ್ತಾರೆ, ಕ್ರೋಮ್ ಬಗ್ಗೆ ಕೇಳುತ್ತಾರೆ, ಸೀಟಿನ ರೆಕ್ಸಿನ್ ಬಗ್ಗೆ ಮನೆಮಂದಿಯೆಲ್ಲ ಸೇರಿ ಚರ್ಚೆ ಮಾಡುತ್ತಾರೆ. ಎರಡು ತಗಡು ಕೂಡುವ ಸಂದಿಗೆ ಏನು ತುಂಬುತ್ತೀರಿ ಎಂದು ಕೇಳಿದವರು ಕಡಿಮೆ. ಗಾಡಿ ಹತ್ತು ವರ್ಷ ಬಾಳುತ್ತದೋ ಎರಡೇ ಮಳೆಗಾಲಕ್ಕೆ ಗುಳ್ಳೆ ಏಳುತ್ತದೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಎರಡು ತಗಡು ಒಂದರ ಮೇಲೊಂದು ಕೂತ ಕಡೆ ಕೂದಲೆಳೆಯಷ್ಟು ಸಂದಿ ಇದ್ದೇ ಇರುತ್ತದೆ. ಬತ್ತಿಗೆ ಎಣ್ಣೆ ಏರುವ ಹಾಗೆ ನೀರು ಆ ಸಂದಿಯೊಳಕ್ಕೆ ತಾನಾಗಿ ಏರುತ್ತದೆ. ಏರಿದ್ದು ಬೇಗ ಆರುವುದಿಲ್ಲ. ಒಳಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಅದು ತಗಡುಗಳನ್ನು ಎಬ್ಬಿ ಸಂದಿಯನ್ನು ಇನ್ನಷ್ಟು ಅಗಲ ಮಾಡುತ್ತದೆ. ಅಗಲವಾದ ಸಂದಿಗೆ ಇನ್ನಷ್ಟು ನೀರು. ಮೇಲಿನ ಬಣ್ಣದಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಸ್ಥಿತಿಗೆ ಬಂದಿರುತ್ತದೆ.

ನನಗೆ ಕೆಲಸ ಕಲಿಸಿದವರನ್ನು ಗ್ಯಾರೇಜಿನಲ್ಲಿ ಎಲ್ಲರೂ ಸಾಬ್ರು ಎನ್ನುತ್ತಿದ್ದರು. ಅವರು ಕೈ ಪಳಗಿಸಿಕೊಂಡದ್ದು ಎಚ್‌ಎಎಲ್‌ನಲ್ಲಿ. ಎರಡನೇ ಮಹಾಯುದ್ಧ ಮುಗಿದು ವಿಮಾನದ ಕೆಲಸ ಇಳಿದಾಗ ಎಚ್‌ಎಎಲ್‌ನವರು ರೈಲು ಬೋಗಿ, ಬಸ್ ಬಾಡಿ ಕಟ್ಟಲು ಶುರು ಮಾಡಿದ್ದರು. ಆ ಕಾಲದ ಬಾಡಿ ಕಟ್ಟುವವರ ಪದ್ಧತಿ ಸಾಬ್ರಿಗೆ ಬಾಯಿಪಾಠವಾಗಿತ್ತು. ಮರದ ಚೌಕಟ್ಟಿನ ಮೇಲೆ ತಗಡು ಹೊಡೆಯುವ ಮೊದಲು ಅಗಸೆ ಎಣ್ಣೆಯಲ್ಲಿ ಕಲಸಿದ ಸಫೇದವನ್ನು ಕ್ಯಾನ್ವಾಸ್ ಪಟ್ಟಿಗೆ ಬಳಿದು ಜಾಯಿಂಟಿನ ನಡುವೆ ಇಡಬೇಕು. ಸಫೇದ ಅಂದರೆ ಸೀಸದ ಬಿಳಿ ಪುಡಿ. ಎಣ್ಣೆಯ ಜೊತೆ ಸೇರಿದಾಗ ಅದು ಒಂದು ಬಗೆಯ ಸೀಸದ ಸಾಬೂನಾಗುತ್ತದೆ. ಮೇಲೆ ಗಟ್ಟಿಯಾದರೂ ಒಳಗೆ ಬಹಳ ಕಾಲ ಮೆದುವಾಗಿ ಉಳಿಯುತ್ತದೆ, ಮರವನ್ನೂ ತಗಡನ್ನೂ ಹಿಡಿದುಕೊಳ್ಳುತ್ತದೆ. ಕುದುರೆ ಸಾರೋಟು ಕಟ್ಟುವವರ ಕೈಯಿಂದ ಮೋಟಾರು ಕಾರಿನ ಬಾಡಿ ಕಟ್ಟುವವರ ಕೈಗೆ ಬಂದ ವಿದ್ಯೆ ಇದು. ಸೀಸ ಮೈಗೆ ವಿಷ ಎಂದು ಆಗಿನ ಕೆಲಸಗಾರರಿಗೆ ಯಾರೂ ಹೇಳುತ್ತಿರಲಿಲ್ಲ. ಬರಿಗೈಯಲ್ಲಿ ಕಲಸಿ, ಅದೇ ಕೈಯಲ್ಲಿ ಊಟ ಮಾಡುತ್ತಿದ್ದರು.

ಅಮೆರಿಕದಲ್ಲಿ ಎಡ್ವರ್ಡ್ ಬಡ್ ಎಂಬಾತ ಮರವನ್ನೇ ಬಿಟ್ಟು ಪೂರ್ತಿ ಉಕ್ಕಿನ ಬಾಡಿ ಮಾಡಿ 1914ರಿಂದ ಡಾಡ್ಜ್ ಕಾರುಗಳಿಗೆ ಕೊಡತೊಡಗಿದ. ಮುಂದೆ ಕಾರಿನ ಬಾಡಿಗಳಲ್ಲಿ ಸ್ಪಾಟ್ ವೆಲ್ಡಿಂಗ್ ರೂಢಿಯಾಯಿತು. ತಗಡಿನ ಮೇಲೆ ತಗಡಿಟ್ಟು ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಸೆಯುವುದು. ಎರಡು ಚುಕ್ಕೆಗಳ ನಡುವೆ ಬೆಸುಗೆ ಇರುವುದಿಲ್ಲ, ಬರೀ ಸಂದಿ. ಕಣ್ಣಿಗೆ ಕಾಣುವ ಕಡೆ ಆ ಸಂದಿಯನ್ನು ಮುಚ್ಚಲು ಸೀಸ ತುಂಬುವ ಕೆಲಸ ಹುಟ್ಟಿಕೊಂಡಿತು. ಸಾಮಾನ್ಯವಾಗಿ 70 ಭಾಗ ಸೀಸಕ್ಕೆ 30 ಭಾಗ ತವರ. ಈ ಮಿಶ್ರಣ 183 ಡಿಗ್ರಿಗೆ ಮೆತ್ತಗಾಗಲು ಶುರುವಾದರೆ ಪೂರ್ತಿ ನೀರಾಗುವುದು 250 ಡಿಗ್ರಿ ದಾಟಿದ ಮೇಲೆ. ಆ ನಡುವಿನ ಹದದಲ್ಲಿ ಕೊಬ್ಬು ಸವರಿದ ಮರದ ಹಲಗೆಯಿಂದ ಸೀಸವನ್ನು ಬೇಕಾದ ಕಡೆಗೆ ತಳ್ಳಬಹುದು. ಬೆಂಕಿ ಒಂದು ಚೂರು ಹೆಚ್ಚಾದರೆ ಎಲ್ಲವೂ ಕಾಲ ಬುಡಕ್ಕೆ ಬೀಳುತ್ತದೆ. ಸಾಬ್ರು ಗ್ಯಾಸ್ ಟಾರ್ಚನ್ನು ದೂರದಿಂದ ಬೀಸುತ್ತ, ಹಲಗೆಯಿಂದ ಒತ್ತುತ್ತ, ಬಾಗಿಲಿನ ಮೂಲೆಯೊಂದನ್ನು ತುಂಬುವುದನ್ನು ನೋಡಲು ನಾವು ಹುಡುಗರು ಕೆಲಸ ಬಿಟ್ಟು ನಿಲ್ಲುತ್ತಿದ್ದೆವು. ಆರಿದ ಮೇಲೆ ಅರ ಹಾಕಿಯೇ ಸಮ ಮಾಡಬೇಕು. ಸ್ಯಾಂಡರ್ ಹಿಡಿದರೆ ಸೀಸದ ಧೂಳು ನೇರ ಎದೆಗೆ ಹೋಗುತ್ತದೆ.

ಸೀಸ ತುಂಬುವುದು ಅಲ್ಲಾಡದ ಜಾಯಿಂಟಿಗೆ ಮಾತ್ರ. ಬೋಲ್ಟು ಹಾಕಿದ ಮಡ್‌ಗಾರ್ಡಿಗೆ ಬೇರೆ ಉಪಾಯವಿತ್ತು. ಮಾರಿಸ್ ಮೈನರ್ ಕಾರಿನ ಹಿಂದಿನ ಮಡ್‌ಗಾರ್ಡು, ಫೋಕ್ಸ್‌ವ್ಯಾಗನ್ ಬೀಟಲ್‌ನ ನಾಲ್ಕೂ ಮಡ್‌ಗಾರ್ಡು ಬಾಡಿಗೆ ಸೇರುವ ಗೆರೆಯಲ್ಲಿ ದಪ್ಪ ದಾರದಂಥ ಬೀಡಿಂಗ್ ಕಾಣುತ್ತದಲ್ಲ, ಅದು ಅಂದಕ್ಕೆ ಇಟ್ಟದ್ದಲ್ಲ. ತಗಡಿಗೆ ತಗಡು ತಿಕ್ಕಿ ಬಣ್ಣ ಹೋಗಬಾರದು, ಕೆಸರು ನೀರು ಒಳಗೆ ನುಗ್ಗಬಾರದು, ನಾಳೆ ಮಡ್‌ಗಾರ್ಡು ನುಗ್ಗಾದರೆ ಬಿಚ್ಚಿ ಬೇರೆ ಹಾಕುವಂತಿರಬೇಕು. ಒಂದು ಪಟ್ಟಿ ಈ ಮೂರೂ ಕೆಲಸ ಮಾಡುತ್ತಿತ್ತು.

ಹೆರಾಲ್ಡ್ ಬಂದಾಗ ಈ ಮಡ್‌ಗಾರ್ಡಿನ ಸಮಸ್ಯೆ ಇಡೀ ಕಾರಿಗೆ ಹರಡಿತು. ಕಾರಿನ ರೂಪ ಇಟಲಿಯ ಟ್ಯೂರಿನ್ ನಗರದ ಜೊವಾನಿ ಮಿಕೆಲೊಟ್ಟಿ ಬರೆದದ್ದು, ಇವತ್ತಿಗೂ ನೋಡಲು ಚೆಂದ. ಮುಂಭಾಗದ ಬಾನೆಟ್ಟು ಮಡ್‌ಗಾರ್ಡಿನ ಸಮೇತ ಮುಂದಕ್ಕೆ ಮಗುಚುತ್ತದೆ, ಎಂಜಿನ್ ಪಕ್ಕ ಟೈರಿನ ಮೇಲೆ ಕೂತೇ ಕೆಲಸ ಮಾಡಬಹುದು. ಡ್ಯಾಶ್‌ಬೋರ್ಡಿನ ಭಾಗ ಒಂದು ತುಂಡು, ಹಿಂದಿನ ಸೀಟಿನ ಭಾಗ ಇನ್ನೊಂದು ತುಂಡು. ಎರಡೂ ನೆಲದ ಅಡ್ಡಕ್ಕೆ ಬೋಲ್ಟಿನಿಂದ ಕೂಡುತ್ತವೆ. ಬಾಗಿಲ ಕೆಳಗಿನ ಸಿಲ್ಲು ಬೇರೆ ತುಂಡು, ಅದಕ್ಕೂ ಬೋಲ್ಟು. ಚಾವಣಿಯನ್ನು ಕೂಡ ಮುಂದಿನ ಗಾಜಿನ ಚೌಕಟ್ಟಿನ ಮೇಲೂ ಹಿಂದೆ ಡಿಕ್ಕಿಯ ಮುಂಭಾಗದಲ್ಲೂ ಬೋಲ್ಟು ಬಿಚ್ಚಿ ಎತ್ತಿಡಬಹುದು. ಹೀಗಾಗಿಯೇ ಒಂದೇ ತಳದ ಮೇಲೆ ಸಲೂನ್, ಕೂಪೆ, ಓಪನ್ ಕಾರು, ಎಸ್ಟೇಟ್ ಎಲ್ಲ ಮಾಡಲು ಅವರಿಗೆ ಸಾಧ್ಯವಾಯಿತು.

ಪ್ರತಿ ಜಾಯಿಂಟಿನ ನಡುವೆಯೂ ರಬ್ಬರು ಪಟ್ಟಿ ಅಥವಾ ಮೆತ್ತನೆಯ ಮಾಸ್ಟಿಕ್ ಇಡಬೇಕಿತ್ತು. ಮೊದಲ ವರ್ಷಗಳ ಕಾರುಗಳು ಸೋರುವುದಕ್ಕೇ ಹೆಸರಾದವು. 1961ರಲ್ಲಿ ಲೇಲ್ಯಾಂಡ್ ಕಂಪನಿಯವರು ಸ್ಟ್ಯಾಂಡರ್ಡ್ ಟ್ರಯಂಫನ್ನು ಕೊಂಡ ಮೇಲೆ ದೊಡ್ಡ ಎಂಜಿನ್ ಹಾಕಿ ಹೆರಾಲ್ಡ್ 1200 ಎಂದು ಹೊರತಂದರು, ಕಾರ್ಖಾನೆಯ ತಪಾಸಣೆಯನ್ನೂ ಬಿಗಿ ಮಾಡಿದರು. ಆದರೆ ಮೂಲ ಗುಣ ಬದಲಾಗುವಂಥದ್ದಲ್ಲ. ಚಾಸಿಸ್ ರಸ್ತೆಯ ಗುಂಡಿಗೆ ತಿರುಚಿಕೊಂಡಾಗ ಅದರ ಮೇಲೆ ಕೂತ ತುಂಡುಗಳು ಒಂದಕ್ಕೊಂದು ಜರುಗಲೇಬೇಕು.

ಬೋಲ್ಟಿನ ಈ ಕಾರು ನಮ್ಮಂಥ ದೇಶಕ್ಕೆ ಹೇಳಿ ಮಾಡಿಸಿದಂತಿತ್ತು. ಇಡೀ ಬಾಡಿ ಒತ್ತುವ ದೈತ್ಯ ಪ್ರೆಸ್ಸುಗಳಿಲ್ಲದ ಕಡೆಯೂ ಬಿಡಿಭಾಗ ತರಿಸಿ ಜೋಡಿಸಬಹುದು, ಒಂದೊಂದೇ ತುಂಡನ್ನು ಸ್ವಂತವಾಗಿ ಮಾಡಿಕೊಳ್ಳಬಹುದು. ಮದರಾಸಿನ ಹತ್ತಿರ ವಂಡಲೂರಿನಲ್ಲಿದ್ದ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ 1961ರಲ್ಲಿ ಹೆರಾಲ್ಡ್ ಶುರು ಮಾಡಿ ಹಾಗೇ ಮಾಡಿತು. ಎಂಜಿನ್ ಮಾತ್ರ ಹಳೆಯ 948 ಸಿಸಿಯದೇ ಉಳಿಯಿತು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎಂದೂ ಇಲ್ಲದ ನಾಲ್ಕು ಬಾಗಿಲಿನ ಹೆರಾಲ್ಡ್ ನಮ್ಮಲ್ಲಿ ಓಡುತ್ತಿತ್ತು. 1971ಕ್ಕೆ ಹೆರಾಲ್ಡ್ ನಿಂತಿತು. ಅದರ ಮೇಲೇ ರೂಪ ಬದಲಿಸಿ ಮಾಡಿದ ಗೆಜಲ್ 1977ರವರೆಗೆ ಬಂತು. ಉತ್ತರದವರಿಗೆ ಅಂಬಾಸಡರ್, ಬೊಂಬಾಯಿಯವರಿಗೆ ಫಿಯೆಟ್ ಹೇಗೋ ಹಾಗೆ ದಕ್ಷಿಣದ ಎಷ್ಟೋ ಡಾಕ್ಟರು, ವಕೀಲರು, ಕಾಫಿ ತೋಟದವರಿಗೆ ಹೆರಾಲ್ಡ್ ಮನೆಯ ಕಾರಾಗಿತ್ತು.

ಈಚೆಗೆ ಅಂಥದೇ ಒಂದು ಎರಡು ಬಾಗಿಲಿನ ಹೆರಾಲ್ಡ್ ನನ್ನ ಶೆಡ್ಡಿಗೆ ಬಂತು. ಮೂಡಿಗೆರೆ ಕಡೆಯ ತಾತನ ಗಾಡಿ, ಮೊಮ್ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. “ಅಣ್ಣ, ಸಂದಿಗೆಲ್ಲ ಏನಾದ್ರೂ ಗಟ್ಟಿ ಮಾಲು ಹಾಕ್ಬಿಡಿ, ಇನ್ನು ಬಿಚ್ಚೋ ತಂಟೇನೇ ಬೇಡ” ಎಂದ. ಮೊದಲು ಚಾವಣಿ ಎತ್ತೋಣ, ಆಮೇಲೆ ಮಾತಾಡೋಣ ಎಂದೆ.

ಚಾವಣಿಯ ಹಿಂದಿನ ಜಾಯಿಂಟು ಬಿಚ್ಚಿದಾಗ ಅಲ್ಲಿ ಗಾಡಿಯ ಪೂರ್ತಿ ಜಾತಕ ಸಿಕ್ಕಿತು. ಎಲ್ಲಕ್ಕಿಂತ ಮೇಲೆ ಪಾರದರ್ಶಕ ಸಿಲಿಕೋನ್, ಅಂಚಿನಲ್ಲಿ ಸಿಪ್ಪೆ ಎದ್ದಿತ್ತು. ಉಗುರಲ್ಲಿ ಎಳೆದರೆ ಉದ್ದಕ್ಕೂ ಬಿಚ್ಚಿಕೊಂಡು ಬಂತು, ಅದರ ಹಿಂದೆ ಕಂದು ನೀರು. ಅದರ ಕೆಳಗೆ ಬೂದು ಬಣ್ಣದ ಎಂ-ಸೀಲ್, ಕಲ್ಲಿನಷ್ಟು ಗಟ್ಟಿ, ಬೋಲ್ಟು ಇದ್ದ ಪ್ರತಿ ಜಾಗದಲ್ಲೂ ಅಡ್ಡಡ್ಡ ಸೀಳು. ಅದನ್ನು ಉಳಿ ಹಿಡಿದು ಎಬ್ಬಿದ ಮೇಲೆ ಡಾಂಬರಿನ ಒಂದು ಪದರ, ಯಾರೋ ಪುಣ್ಯಾತ್ಮರು ಚಪ್ಪಲಿ ಹೊಲಿಯುವವರ ಹತ್ತಿರ ತಂದ ಟ್ಯೂಬಿನ ತುಂಡು. ಎಲ್ಲಕ್ಕಿಂತ ಅಡಿಯಲ್ಲಿ ಮದರಾಸಿನ ಕಾರ್ಖಾನೆ ಹಾಕಿದ್ದ ಮೂಲ ರಬ್ಬರು. ಬಿಸಿಲು ತಾಗಿದ ಅಂಚೆಲ್ಲ ಬಿರುಕು ಬಿಟ್ಟಿತ್ತು. ಎರಡು ತಗಡಿನ ನಡುವೆ ಬಿಗಿಯಾಗಿ ಕೂತಿದ್ದ ಕಡೆ ಮಾತ್ರ ಅದು ಇನ್ನೂ ಬೆರಳಿಗೆ ಬಗ್ಗುತ್ತಿತ್ತು, ಅದರಡಿಯ ಬಣ್ಣ ಕಾರ್ಖಾನೆಯಿಂದ ಬಂದ ದಿನದ ಹಾಗೇ ಇತ್ತು. ತುಕ್ಕು ತಿಂದದ್ದೆಲ್ಲ ಎಂ-ಸೀಲ್ ಮತ್ತು ಸಿಲಿಕೋನ್ ಇದ್ದ ಕಡೆ. ಹುಡುಗನನ್ನು ಕರೆದು ತೋರಿಸಿದೆ. ಮುಂದೆ ಅವನು ಗಟ್ಟಿ ಮಾಲಿನ ಮಾತು ಎತ್ತಲಿಲ್ಲ.

ಎಂ-ಸೀಲ್ ಕೆಟ್ಟ ಮಾಲಲ್ಲ. ಮಹೀಂದ್ರದವರ ಕೈಯಲ್ಲಿದ್ದು 2000ದಲ್ಲಿ ಪಿಡಿಲೈಟ್ ಪಾಲಾದ ಈ ಎಪಾಕ್ಸಿ ನಮ್ಮ ದೇಶದ ಎಷ್ಟು ನಲ್ಲಿ, ಟ್ಯಾಂಕುಗಳನ್ನು ಉಳಿಸಿದೆಯೋ ಲೆಕ್ಕವಿಲ್ಲ. ಅಲ್ಲಾಡದ ಕಡೆ ಅದು ಗೆಲ್ಲುತ್ತದೆ. ಹೆರಾಲ್ಡ್‌ನ ಚಾವಣಿ ಅಲ್ಲಾಡುತ್ತದೆ. ಸಾಬ್ರು ಹೇಳುತ್ತಿದ್ದುದು ಇಷ್ಟೇ: “ಮಗಾ, ಅಲ್ಲಾಡೋ ಜಾಯಿಂಟಿಗೆ ಗಟ್ಟಿ ಮಾಲು ಹಾಕಬೇಡ. ಅಲ್ಲಾಡೋದು ನಿಲ್ಲಲ್ಲ, ಮಾಲು ನಿಲ್ಲಲ್ಲ.” ಗಟ್ಟಿ ಇದ್ದರೆ ಭದ್ರ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಲಕೋಟೆಯ ಮೇಲೆ ಹಾಕುವ ಅರಗಿನ ಮುದ್ರೆಗೆ ಗಟ್ಟಿತನ ಬೇಕು, ಯಾಕೆಂದರೆ ಯಾರಾದರೂ ಬಿಚ್ಚಿದರೆ ಅದು ಒಡೆದು ಸಾಕ್ಷಿ ಹೇಳಬೇಕು. ಕಾರಿನ ಸಂದಿಗೆ ಬೇಕಾದ್ದು ಇದಕ್ಕೆ ತದ್ವಿರುದ್ಧ. ಏನೇ ಆದರೂ ಒಡೆಯಬಾರದು.

ಸಿಲಿಕೋನ್ ಬಗೆಗೆ ನನ್ನ ತಕರಾರು ಇನ್ನೂ ಗಟ್ಟಿ. ಬಚ್ಚಲುಮನೆಗೆ ಹಾಕುವ ಅಗ್ಗದ ಟ್ಯೂಬು ಒಣಗುವಾಗ ವಿನೆಗರ್ ವಾಸನೆ ಬರುತ್ತದೆ, ಅದು ಅಸಿಟಿಕ್ ಆಮ್ಲ. ಬರಿ ಉಕ್ಕಿನ ಮೇಲೆ ಆಮ್ಲ ಬಿಟ್ಟರೆ ತುಕ್ಕನ್ನು ನಾವೇ ಕೂಗಿ ಕರೆದಂತೆ. ಸಿಲಿಕೋನ್ ಮೇಲೆ ಬಣ್ಣವೂ ನಿಲ್ಲುವುದಿಲ್ಲ. ಒರೆಸಿ ತೆಗೆದ ಮೇಲೂ ಉಳಿದ ಎಣ್ಣೆಯಂಥ ಅಂಶದಿಂದ ಹೊಸ ಬಣ್ಣದಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಬಣ್ಣದ ಬೂತಿನೊಳಕ್ಕೆ ಸಿಲಿಕೋನ್ ಟ್ಯೂಬು ತಂದರೆ ಪೇಂಟರ್ ಜಗಳಕ್ಕೇ ಬರುತ್ತಾನೆ, ಬರಬೇಕು.

ಹಾಗಾದರೆ ಕಾರ್ಖಾನೆಯವರು ಹಾಕುವುದನ್ನೇ ಹಾಕಬಾರದೇಕೆ ಎಂದು ಕೇಳುವವರುಂಟು. ಈಚಿನ ಕಾರುಗಳ ಸಂದಿಗೆ ತುಂಬುವುದು ಬಹುಪಾಲು ಪಿವಿಸಿ ಪ್ಲಾಸ್ಟಿಸಾಲ್. 1926ರಲ್ಲಿ ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್ ಪಿವಿಸಿಯನ್ನು ಮೆತ್ತಗೆ ಮಾಡುವ ದಾರಿ ಕಂಡುಕೊಂಡದ್ದರ ಸಂತಾನ ಅದು. ಬಣ್ಣ ಬೇಯಿಸುವ ಒಲೆಯ ಕಾವಿನಲ್ಲೇ ಅದೂ ಬೆಂದು ಗಟ್ಟಿಯಾಗುತ್ತದೆ. ಇಡೀ ಕಾರನ್ನು ಅಷ್ಟು ಕಾಯಿಸುವ ಒಲೆ ನನ್ನ ಶೆಡ್ಡಿನಲ್ಲಿಲ್ಲ, ಯಾರ ಶೆಡ್ಡಿನಲ್ಲೂ ಇಲ್ಲ. ಬೇಯದ ಪ್ಲಾಸ್ಟಿಸಾಲ್ ಬರೀ ಜಿಗುಟು ಹಿಟ್ಟು.

ನಮಗೆ ಒದಗಿ ಬಂದದ್ದು ಬೇರೆ ಎರಡು ವಸ್ತು, ಎರಡೂ ಹುಟ್ಟಿದ್ದು 1937ರಲ್ಲಿ. ಒಂದು ಪಾಲಿಯುರಿಥೇನ್, ಜರ್ಮನಿಯ ಆಟೊ ಬಯರ್‌ನದು. ಇನ್ನೊಂದು ಬ್ಯುಟೈಲ್ ರಬ್ಬರು, ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಅವರದು. ಟ್ಯೂಬಿನಲ್ಲಿ ಬರುವ ಪಾಲಿಯುರಿಥೇನ್ ಸೀಮ್ ಸೀಲರ್ ಗಾಳಿಯ ತೇವ ಹೀರಿ ದಿನಕ್ಕೆ ಎರಡು ಮೂರು ಮಿಲಿಮೀಟರ್ ಆಳಕ್ಕೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೂ ಎಳೆದರೆ ಬಗ್ಗುತ್ತದೆ, ಮೇಲೆ ಬಣ್ಣ ಹಿಡಿಯುತ್ತದೆ. ಬೆಸುಗೆ ಹಾಕಿದ ಸಂದಿಗೆ, ಮತ್ತೆ ಬಿಚ್ಚದ ಕಡೆಗೆ ಇದೇ ಸರಿ. ಬರಿ ತಗಡಿನ ಮೇಲೆ ಎಳೆಯಬಾರದು, ಎಪಾಕ್ಸಿ ಪ್ರೈಮರ್ ಒಣಗಿದ ಮೇಲೆ ಎಳೆಯಬೇಕು. ಬಿಸಿಲಿಗೆ ಬರಿದಾಗಿ ಬಿಡಬಾರದು, ಮೇಲೆ ಬಣ್ಣ ಬೇಕೇ ಬೇಕು. ಹಚ್ಚುವಾಗ ಕೈಗವಸು ಹಾಕಿ, ಗಾಳಿ ಆಡುವ ಕಡೆ ಹಚ್ಚಿ. ಅದರಲ್ಲಿರುವ ಐಸೊಸಯನೇಟ್ ಶ್ವಾಸಕ್ಕೆ ಒಳ್ಳೆಯದಲ್ಲ.

ಬ್ಯುಟೈಲ್ ಬರುವುದು ಟೇಪಿನ ಸುರುಳಿಯಾಗಿ. ಅದು ಗಟ್ಟಿಯಾಗುವುದೇ ಇಲ್ಲ, ಅದೇ ಅದರ ಗುಣ. ನೀರು ಗಾಳಿ ಎರಡನ್ನೂ ತಡೆಯುತ್ತದೆ. ಟೈರಿನೊಳಗಿನ ಟ್ಯೂಬುಗಳಿಗೆ ಈ ರಬ್ಬರನ್ನು ಆರಿಸಿದ್ದೂ ಅದಕ್ಕೇ. ಮೇಲೆ ಬಣ್ಣ ಹಿಡಿಯುವುದಿಲ್ಲ, ಪೆಟ್ರೋಲು ತಾಗಿದರೆ ಕರಗುತ್ತದೆ, ಆದ್ದರಿಂದ ಹೊರಗೆ ಕಾಣುವ ಕಡೆಗೆ ಬೇಡ. ಎರಡು ಬೋಲ್ಟು ತಗಡಿನ ನಡುವೆ ಹಿಚುಕಿ ಕೂರಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಹೆರಾಲ್ಡ್‌ನ ನೆಲದ ಅಡ್ಡ ಜಾಯಿಂಟಿಗೆ, ಸಿಲ್ಲಿಗೆ ನಾನು ಹಾಕುವುದು ಇದನ್ನೇ. ಬಿಚ್ಚಬೇಕಾದ ದಿನ ಬೋಲ್ಟು ತೆಗೆದು ಸ್ವಲ್ಪ ಬಿಸಿ ಮಾಡಿದರೆ ತಗಡು ಕೆಡದೆ ಬಿಡಿಸಿಕೊಳ್ಳುತ್ತದೆ.

ಚಾವಣಿ ಮತ್ತು ಬಾಗಿಲಿಗೆ ರಬ್ಬರೇ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೀಡಿಂಗನ್ನು ಅಡಿ ಲೆಕ್ಕದಲ್ಲಿ ಕೊಡುತ್ತಾರೆ. ಕೊಳ್ಳುವ ಮೊದಲು ತುದಿಯ ಒಂದು ತುಂಡು ಕತ್ತರಿಸಿ, ನೀರಲ್ಲಿ ಅದ್ದಿ ಹಿಂಡಿ ನೋಡಿ. ನೀರು ಕುಡಿದರೆ ಅದು ಬರೀ ಸ್ಪಂಜು, ಅದನ್ನು ಹಾಕಿದರೆ ಒದ್ದೆ ಬಟ್ಟೆಯನ್ನು ತಗಡಿನ ನಡುವೆ ಶಾಶ್ವತವಾಗಿ ಇಟ್ಟಂತೆ. ನೀರು ಕುಡಿಯದ್ದು ಮುಚ್ಚಿದ ಕೋಶದ ರಬ್ಬರು, ಅದು ಬೇಕು. ಇಪಿಡಿಎಂ ಎಂದು ಕೇಳಿ ಕೊಳ್ಳಿ. ಸಹಜ ರಬ್ಬರನ್ನು ಬಿಸಿಲು ಮತ್ತು ಗಾಳಿಯ ಓಜೋನ್ ಬಿರುಕು ಬಿಡಿಸುತ್ತವೆ. ಅರವತ್ತರ ದಶಕದಲ್ಲಿ ಮಾರುಕಟ್ಟೆಗೆ ಬಂದ ಇಪಿಡಿಎಂ ಅದನ್ನು ತಡೆದುಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿ ಕೊನೆಗೆ ಗಾಡಿ ಕೆಡುವುದು ಅತಿ ಉತ್ಸಾಹದಿಂದ. ಬಾಗಿಲಿನ ತಳದಲ್ಲಿ, ಸಿಲ್ಲಿನ ಅಡಿಯಲ್ಲಿ ಕಾರ್ಖಾನೆಯವರೇ ಬಿಟ್ಟ ತೂತುಗಳಿರುತ್ತವೆ. ಗಾಜಿನ ಪಕ್ಕದಿಂದ ಇಳಿದ ನೀರು ಆಚೆ ಹೋಗಲಿ ಎಂದೇ ಅವನ್ನು ಬಿಟ್ಟದ್ದು. ಟ್ಯೂಬು ಕೈಗೆ ಸಿಕ್ಕ ಹುಮ್ಮಸ್ಸಿಗೆ ಅವನ್ನೂ ಮುಚ್ಚುತ್ತಾರೆ. ಆಮೇಲೆ ಬಾಗಿಲು ತೆಗೆದಾಗಲೆಲ್ಲ ಒಳಗೆ ನೀರು ಕುಲುಕುವ ಸದ್ದು, ಒಂದೆರಡು ವರ್ಷಕ್ಕೆ ತಳ ಕಳಚಿಕೊಂಡು ಕೈಗೇ ಬರುತ್ತದೆ. ನೀರು ಬರುವ ದಾರಿ ಮುಚ್ಚಬೇಕು, ಹೋಗುವ ದಾರಿ ಬಿಡಬೇಕು.

ಹೆರಾಲ್ಡನ್ನು ಸೋರುವ ಕಾರು ಎಂದು ನಕ್ಕವರೇ ಹೆಚ್ಚು. ನನ್ನ ಲೆಕ್ಕದಲ್ಲಿ ಬಡಗಿಯ ಪೆಟ್ಟಿಗೆಯಷ್ಟು ಸಾಮಾನಿನಲ್ಲಿ ಪೂರ್ತಿ ಬಿಚ್ಚಿ ಕಟ್ಟಬಹುದಾದ ಕಾರು ಅದೊಂದೇ. ಅದೇ ಕಾಲದ ಎಷ್ಟೋ ಬೆಸುಗೆಯ ಕಾರುಗಳ ಸಿಲ್ಲು ಹೋದರೆ ಕತ್ತರಿಸಿ ಬೆಸೆಯಬೇಕು. ಇದರಲ್ಲಿ ಸ್ಪ್ಯಾನರ್ ಸಾಕು. ಸೋರುವ ಸಂದಿಗಳೇ ಅದನ್ನು ಇಷ್ಟು ವರ್ಷ ಬದುಕಿಸಿವೆ. ಆ ಸಂದಿಗಳನ್ನು ಎಂ-ಸೀಲ್ ಬಡಿದು ಒಂದೇ ಗಟ್ಟಿ ಮಾಡುವವರು ಕಾರಿನ ಆಯುಸ್ಸನ್ನೇ ಕತ್ತರಿಸುತ್ತಾರೆ.

ನಿಮ್ಮ ಮನೆಯಲ್ಲೂ ತಾತನದೋ ಅಪ್ಪನದೋ ಹಳೇ ಗಾಡಿ ನಿಂತಿದ್ದರೆ, ರೀಸ್ಟೋರೇಷನ್ನಿಗೆ ಕೊಡುವ ಮೊದಲು ಟಿಂಕರನ್ನು ಒಂದು ಪ್ರಶ್ನೆ ಕೇಳಿ: ಈ ಸಂದಿಯನ್ನು ಇನ್ನು ಇಪ್ಪತ್ತು ವರ್ಷಕ್ಕೆ ಬೇರೊಬ್ಬ ಬಿಚ್ಚಬೇಕಾದರೆ ಬಿಚ್ಚಲು ಆಗುತ್ತದೆಯೇ? ಆಗುತ್ತದೆ ಎಂದು ಹೇಳಿ ಹೇಗೆಂದು ತೋರಿಸಿದವರಿಗೆ ಗಾಡಿ ಕೊಡಿ. ಗಾಡಿ ಬಿಚ್ಚುವಾಗ ಸಿಗುವ ಹಳೇ ರಬ್ಬರಿನ ತುಂಡುಗಳನ್ನು, ಎಷ್ಟೇ ಹಾಳಾಗಿರಲಿ, ಎಲ್ಲಿಯದು ಎಂದು ಚೀಟಿ ಅಂಟಿಸಿ ಎತ್ತಿಡಿ. ಮದರಾಸಿನ ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಹೊಸ ಪಟ್ಟಿ ಎಷ್ಟು ದಪ್ಪ ಇರಬೇಕು, ಯಾವ ಆಕಾರದಲ್ಲಿ ಇರಬೇಕು ಎಂದು ತಿಳಿಯಲು ಆ ತುಂಡುಗಳೇ ಆಧಾರ.